ದಸರೆಯ ಹಲಗೆ, ಗೋದಲಿಯ ಹುಲ್ಲು



ಕಾರ್ತಿಕ ಮಾಸದ ಕಡೆಯ ಸೋಮವಾರ ಕಳೆದು, ಬಸವನಗುಡಿಯ ಕಡಲೆಕಾಯಿ ಪರಿಷೆಯ ಸಿಪ್ಪೆಯನ್ನೆಲ್ಲ ಗುಡಿಸಿ ಮುಗಿಸುವ ಹೊತ್ತಿಗೆ, ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗಾಡತೊಡಗುತ್ತವೆ. ಅಲ್ಲಿಂದ ಎನ್.ಆರ್. ಕಾಲೋನಿ ದಾಟಿ ತ್ಯಾಗರಾಜನಗರದ ಒಳರಸ್ತೆಗಳಿಗೆ ಬಂದರೆ, ಬಾಗಿಲಿಗೆ ಮಾವಿನ ತೋರಣ ಕಟ್ಟಿದ ಮನೆಗಳ ಸಾಲಿನ ನಡುವೆ ಎಲ್ಲೋ ಒಂದು ಕಿಟಕಿಯಲ್ಲಿ ಅಂಥದೇ ಒಂದು ನಕ್ಷತ್ರ ಸಂಜೆ ಹೊತ್ತಿಕೊಂಡಿರುವುದನ್ನು ನೀವು ನೋಡಿರಬಹುದು. ದಾರಿಹೋಕರಿಗೆ ಕಾಣುವುದು ಅಷ್ಟೇ. ಇಂದು ನಿಮ್ಮನ್ನು ಆ ಕಿಟಕಿಯ ಒಳಗೆ, ನಡುಮನೆಗೇ ಕರೆದುಕೊಂಡು ಹೋಗುವ ಆಸೆ ನನ್ನದು. ಕ್ರಿಸ್‌ಮಸ್ ದಿನಗಳಲ್ಲಿ ನಮ್ಮ ಊರಿನ ಒಂದು ಮನೆ ಒಳಗೆ ಹೇಗೆ ಅಲಂಕಾರಗೊಳ್ಳುತ್ತದೆ, ಆ ಅಲಂಕಾರದ ಒಂದೊಂದು ಸಾಮಾನೂ ಎಲ್ಲಿಂದ ನಡೆದು ಬಂತು ಎಂಬುದು ಇಲ್ಲಿನ ವಿಷಯ.

ಈ ವಿಷಯಕ್ಕೆ ನಾನು ಬಂದದ್ದು ಪುಸ್ತಕದ ಮೂಲಕವಲ್ಲ, ಐದು ಹಲಗೆಗಳ ಮೂಲಕ. 1970ರ ದಶಕದಲ್ಲಿ ನಮ್ಮ ಮನೆಯ ಮಹಡಿಯ ಮೇಲೆ ಬಾಡಿಗೆಗೆ ಇದ್ದವರು ಮಂಗಳೂರಿನ ಕಡೆಯ ಒಂದು ಕುಟುಂಬ. ಮನೆಯ ಯಜಮಾನರಿಗೆ ಬ್ಯಾಂಕಿನಲ್ಲಿ ಕೆಲಸ. 1969ರ ಬ್ಯಾಂಕ್ ರಾಷ್ಟ್ರೀಕರಣದ ಆಸುಪಾಸಿನ ವರ್ಷಗಳಲ್ಲಿ ಕರಾವಳಿಯಿಂದ ಬ್ಯಾಂಕ್ ನೌಕರಿಗಾಗಿ ಬಂದು ಬೆಂಗಳೂರಿನ ದಕ್ಷಿಣದ ಬಡಾವಣೆಗಳಲ್ಲಿ ನೆಲೆಸಿದವರು ಅನೇಕರು. ಅವರಲ್ಲಿ ಇವರೂ ಒಬ್ಬರು. ಒಂದು ಡಿಸೆಂಬರಿನ ಬೆಳಿಗ್ಗೆ ಮೇಲಿನ ಮನೆಯಾಕೆ ಕೆಳಗಿಳಿದು ಬಂದು ನನ್ನ ಅಜ್ಜಿಯನ್ನು ಕೇಳಿದರು:

“ಅಜ್ಜಿ, ನಿಮ್ಮ ದಸರೆ ಹಲಗೆ ಅಟ್ಟ ಸೇರಿತಾ? ಮೂರು ವಾರದ ಮಟ್ಟಿಗೆ ಕೊಡ್ತೀರಾ? ಗೋದಲಿಗೆ ಮೆಟ್ಟಿಲು ಮಾಡಬೇಕಿತ್ತು.”

ಅಜ್ಜಿ ತಕ್ಷಣ ಉತ್ತರ ಕೊಡಲಿಲ್ಲ. ಆ ಹಲಗೆಗಳನ್ನು ನವರಾತ್ರಿಯಲ್ಲಿ ಸೀಮೆಎಣ್ಣೆ ಡಬ್ಬ, ಹಳೆಯ ಟ್ರಂಕುಗಳ ಮೇಲೆ ಸಾಲಾಗಿ ಇಟ್ಟು, ಬಿಳಿ ಪಂಚೆ ಹಾಸಿ ಗೊಂಬೆ ಕೂರಿಸುತ್ತಿದ್ದೆವು. ಕೊಡುವುದೋ ಬೇಡವೋ ಎಂದು ಅವರು ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದರು. ಆಮೇಲೆ, “ನಾಲ್ಕು ತಗೊಂಡು ಹೋಗಮ್ಮ. ಮೇಲಿನದು ಮಾತ್ರ ಬೇಡ, ಅದರ ಮೇಲೆ ಪಟ್ಟದ ಗೊಂಬೆ ಕೂರುತ್ತೆ” ಎಂದರು. ಆಕೆಗೂ ಬೇಸರವಾಗಲಿಲ್ಲ. “ನಮಗೂ ನಾಲ್ಕೇ ಸಾಕು ಅಜ್ಜಿ” ಎಂದು ಹಲಗೆಗಳನ್ನು ಹೊರಿಸಿಕೊಂಡು ಹೋದರು. ಹೊತ್ತವನು ನಾನೇ.

ಮೇಲೆ ಹೋಗಿ ನೋಡಿದರೆ ನನಗೆ ಆಶ್ಚರ್ಯ ಕಾದಿತ್ತು. ಗೋಡೆಯ ಮೂಲೆಯಲ್ಲಿ ಖಾಕಿ ಕಾಗದವನ್ನು ಮುದುರಿ, ಬಣ್ಣ ಎರಚಿ ಬೆಟ್ಟ ಮಾಡಿದ್ದರು. ಬೆಟ್ಟದ ಕೆಳಗೆ ಮರಳು. ಮರಳಿನ ನಡುವೆ ಮುಖ ನೋಡುವ ಕನ್ನಡಿಯೊಂದನ್ನು ಮಲಗಿಸಿ ಕೊಳ ಮಾಡಿದ್ದರು. ಕೊಳದಲ್ಲಿ ಎರಡು ಬಾತುಕೋಳಿ. ಪಕ್ಕದಲ್ಲಿ ತಟ್ಟೆಯ ಮಣ್ಣಿನಲ್ಲಿ ಬಿತ್ತಿದ ರಾಗಿ ಹಸುರಾಗಿ ಮೊಳೆತು ಹುಲ್ಲುಗಾವಲಾಗಿತ್ತು. ನಮ್ಮ ಮನೆಯ ದಸರೆ ಗೊಂಬೆಗಳ ಮುಂದೆ ನಾವು ಮಕ್ಕಳು ಮಾಡುತ್ತಿದ್ದ ‘ಪಾರ್ಕು’ ಇದೇ ಆಗಿತ್ತು! ಅದೇ ಕನ್ನಡಿ ಕೊಳ, ಅದೇ ಬಾತುಕೋಳಿ, ಅದೇ ರಾಗಿ ಪೈರು. ಗೊಂಬೆಗಳು ಮಾತ್ರ ಬೇರೆ. ರಾಮ, ಲಕ್ಷ್ಮಣರ ಜಾಗದಲ್ಲಿ ಕುರುಬರು, ಕುರಿಗಳು, ಒಂದು ಎತ್ತು, ಒಂದು ಕತ್ತೆ, ಮಂಡಿಯೂರಿದ ಒಬ್ಬ ತಾಯಿ.

ಕೆಳಗೆ ಬಂದು ಅಜ್ಜಿಯನ್ನು ಕೇಳಿದೆ: “ಅವರ ಗೊಂಬೆ ನಮ್ಮ ಹಲಗೆ ಮೇಲೆ ಕೂತರೆ ಹಲಗೆ ಅವರದಾಗುತ್ತಾ?” ಅಜ್ಜಿ ನಕ್ಕರೇ ಹೊರತು ಉತ್ತರ ಹೇಳಲಿಲ್ಲ. ಆ ಪ್ರಶ್ನೆಯನ್ನೇ ಕೊಂಚ ದೊಡ್ಡದು ಮಾಡಿ ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ. ಆ ಕೋಣೆಯಲ್ಲಿ ಯಾವುದು ಯಾರದು?

ಮೊದಲು ಗೋದಲಿ. ದನಕ್ಕೆ ಮೇವು ಹಾಕುವ ತೊಟ್ಟಿಗೆ ಕನ್ನಡದಲ್ಲಿರುವ ಹೆಸರೇ ಅದು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ 1831ರಲ್ಲಿ ಕನ್ನಡದ ಪೂರ್ಣ ಬೈಬಲ್ ಹೊರಬಂತು. ಮುಂದೆ ಕನ್ನಡ ಕ್ರೈಸ್ತರ ಬಾಯಲ್ಲಿ ಯೇಸು ಹುಟ್ಟಿದ ಕತೆಯ ಜೊತೆ ಅಂಟಿಕೊಂಡು ಉಳಿದದ್ದು ನಮ್ಮ ಕೊಟ್ಟಿಗೆಯ ಈ ಪದವೇ. ಆದರೆ ಮನೆಯೊಳಗೆ ಗೋದಲಿಯನ್ನು ಕಟ್ಟಿ ತೋರಿಸುವ ಪದ್ಧತಿ ಇನ್ನೂ ಹಳೆಯದು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದ ಹಳ್ಳಿಯಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಕ್ರಿಸ್‌ಮಸ್ ರಾತ್ರಿಯ ಪೂಜೆಗೆ ಹುಲ್ಲು ತುಂಬಿದ ಒಂದು ಗೋದಲಿಯನ್ನು ತರಿಸಿ, ಅದರ ಬಳಿ ಜೀವಂತ ಎತ್ತು, ಕತ್ತೆಗಳನ್ನು ನಿಲ್ಲಿಸಿದರು. ಬೊಂಬೆಗಳ ಮಾತು ಅಲ್ಲಿರಲಿಲ್ಲ. ಲ್ಯಾಟಿನ್ ಅರಿಯದ ಹಳ್ಳಿಗರಿಗೆ ಹುಲ್ಲಿನ ವಾಸನೆ, ದನದ ಉಸಿರು ಅರ್ಥವಾಯಿತು.

ಇಲ್ಲಿ ಒಂದು ಸ್ವಾರಸ್ಯದ ಸಂಗತಿ. ಯೇಸುವಿನ ಜನನವನ್ನು ಹೇಳುವ ಲೂಕನ ಸುವಾರ್ತೆಯಲ್ಲಿ ಗೋದಲಿ ಉಂಟು, ಆದರೆ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಅವು ಬಂದದ್ದು ಯೆಶಾಯನ ಪ್ರವಾದನೆಯ ಮೊದಲ ಅಧ್ಯಾಯದಿಂದ. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ತನ್ನ ಯಜಮಾನನ ಗೋದಲಿ ಗೊತ್ತು ಎಂಬ ಅರ್ಥದ ಮಾತು ಅಲ್ಲಿದೆ. ಅಲ್ಲಿಂದ ಹೊರಟ ಎತ್ತು ಕಲಾವಿದರ ಚಿತ್ರಗಳನ್ನು ಹಾದು ಗೋದಲಿಯ ಪಕ್ಕದಲ್ಲಿ ಖಾಯಂ ಆಗಿ ಮಲಗಿತು. ಬಸವಣ್ಣನ ಹೆಸರನ್ನೇ ಇಟ್ಟುಕೊಂಡ ನಮ್ಮ ಬಸವನಗುಡಿಯ ಆಸುಪಾಸಿನಲ್ಲಿ ಅದಕ್ಕೆ ಜಾಗ ಹುಡುಕಿಕೊಳ್ಳುವುದು ಕಷ್ಟವಾಗಿರಲಾರದು.

ಗ್ರೆಚ್ಚೊದಿಂದ ಐನೂರು ವರ್ಷ ಮುಂದೆ ಬಂದರೆ ನೇಪಲ್ಸ್ ನಗರ. 1734ರಿಂದ 1759ರವರೆಗೆ ಅಲ್ಲಿ ಆಳಿದ ದೊರೆ ಚಾರ್ಲ್ಸ್‌ನಿಗೆ ಗೋದಲಿಯ ಗೀಳು. ಅರಮನೆಯಲ್ಲೂ ಶ್ರೀಮಂತರ ಮನೆಗಳಲ್ಲೂ ಗೋದಲಿಯ ಸುತ್ತ ಇಡೀ ನೇಪಲ್ಸ್ ಪೇಟೆಯೇ ಎದ್ದುನಿಂತಿತು: ರೊಟ್ಟಿ ಮಾರುವವನು, ಮೀನು ಮಾರುವವಳು, ಹಣ್ಣಿನ ಬುಟ್ಟಿಗಳು, ವಾದ್ಯದವರು, ಭಿಕ್ಷುಕರು. ದೇವರ ಮಗು ಹುಟ್ಟಿದ್ದು ತಮ್ಮ ಬೀದಿಯಲ್ಲೇ ಎಂಬಂತೆ. ಇದನ್ನು ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ದಸರೆ ಗೊಂಬೆಗಳ ಕೆಳಸಾಲಿನ ಶೆಟ್ಟರ ಅಂಗಡಿ. ದಪ್ಪ ಹೊಟ್ಟೆಯ ಶೆಟ್ಟರು, ಪಕ್ಕದಲ್ಲಿ ಅವರ ಹೆಂಡತಿ, ಎದುರಿಗೆ ಪುಟ್ಟ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ತೊಗರಿಬೇಳೆ, ಬೆಲ್ಲದ ಚೂರು. ಮೇಲೆ ದಶಾವತಾರ, ಕೆಳಗೆ ದಿನಸಿ. ನೇಪಲ್ಸಿನವರಿಗೂ ಮೈಸೂರಿನವರಿಗೂ ಪರಸ್ಪರ ಪರಿಚಯ ಬೇಕಿರಲಿಲ್ಲ. ದೇವರನ್ನು ಮನೆಗೆ ಕರೆದವರು ಪೇಟೆಯನ್ನೂ ಜೊತೆಗೆ ಕರೆದರು.

ಕ್ರಿಸ್‌ಮಸ್‌ನ ಈ ಅಲಂಕಾರಕ್ಕೂ ನಮ್ಮ ಗೊಂಬೆ ಹಬ್ಬಕ್ಕೂ ಇನ್ನೊಂದು ಹೋಲಿಕೆ ಇದೆ, ಅದನ್ನು ನನಗೆ ತೋರಿಸಿಕೊಟ್ಟವರು ಮೇಲಿನ ಮನೆಯಾಕೆಯೇ. ಡಿಸೆಂಬರ್ 24ರ ಮಧ್ಯರಾತ್ರಿಯವರೆಗೆ ಗೋದಲಿ ಬರಿದಾಗಿರುತ್ತದೆ. ಎಲ್ಲರೂ ಬಂದು ನಿಂತಿದ್ದಾರೆ, ಮಗು ಮಾತ್ರ ಇಲ್ಲ. ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ, ಹತ್ತಿಯಲ್ಲಿ ಸುತ್ತಿಟ್ಟ ಬಾಲಯೇಸುವನ್ನು ತೆಗೆದು ಹುಲ್ಲಿನ ಮೇಲೆ ಮಲಗಿಸುತ್ತಾರೆ. ಆಗ ಅಲಂಕಾರ ಪೂರ್ತಿಯಾಯಿತು. ನಮ್ಮಲ್ಲೂ ಗೊಂಬೆಯನ್ನು ಮಲಗಿಸುವ ಶಾಸ್ತ್ರ ಉಂಟಲ್ಲವೇ? ವಿಜಯದಶಮಿಯ ರಾತ್ರಿ ಆರತಿ ಮಾಡಿ, ಪಟ್ಟದ ಗೊಂಬೆಗಳಾದ ರಾಜ ರಾಣಿಯರನ್ನು ಮೆಲ್ಲನೆ ಮಲಗಿಸುತ್ತೇವೆ. ನಮ್ಮಲ್ಲಿ ಮಲಗಿಸಿದರೆ ಹಬ್ಬ ಮುಗಿಯಿತು. ಅವರಲ್ಲಿ ಮಲಗಿಸಿದರೆ ಹಬ್ಬ ಶುರು.

ಗೋದಲಿ ಹೆಚ್ಚಾಗಿ ಕಥೋಲಿಕರ ಮನೆಯ ಸಂಪ್ರದಾಯ. ನಮ್ಮ ಹಳೆಯ ಬೆಂಗಳೂರಿನ ಕನ್ನಡ ಪ್ರಾಟೆಸ್ಟೆಂಟ್ ಕುಟುಂಬಗಳಲ್ಲಿ, ಅಂದರೆ 1904ರಲ್ಲಿ ಕಟ್ಟಿದ ಹಡ್ಸನ್ ಸ್ಮಾರಕ ಚರ್ಚು, ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು, ಕೋಟೆಯ ಬಳಿಯಿಂದ 1930ರ ದಶಕದಲ್ಲಿ ಚಾಮರಾಜಪೇಟೆಗೆ ಬಂದ ಸೇಂಟ್ ಲ್ಯೂಕ್ಸ್ ಚರ್ಚು ಮೊದಲಾದವುಗಳಿಗೆ ಹೋಗುವ ಮನೆಗಳಲ್ಲಿ, ನಡುಮನೆಯ ಮುಖ್ಯ ಅಲಂಕಾರ ಮರ. ಮರದ ತವರು ಜರ್ಮನ್ ಮಾತಿನ ಸೀಮೆ. 1605ರ ಒಂದು ಬರಹದಲ್ಲಿ ಸ್ಟ್ರಾಸ್‌ಬರ್ಗ್ ಊರಿನವರು ಮನೆಯ ಕೋಣೆಗಳಲ್ಲಿ ಫರ್ ಮರಗಳನ್ನು ನಿಲ್ಲಿಸಿ ಅವಕ್ಕೆ ಕಾಗದದ ಗುಲಾಬಿ, ಸೇಬು, ಬಿಲ್ಲೆ, ಸಕ್ಕರೆ ತೂಗುಹಾಕುತ್ತಿದ್ದರೆಂಬ ಮಾತು ಬರುತ್ತದೆ. ಇಂಗ್ಲೆಂಡಿನ ಸಾಮಾನ್ಯ ಮನೆಗಳಿಗೆ ಈ ಮರ ಹೊಕ್ಕದ್ದು ಬಹಳ ತಡವಾಗಿ. ವಿಕ್ಟೋರಿಯಾ ರಾಣಿ ತನ್ನ ಜರ್ಮನ್ ಗಂಡ ಆಲ್ಬರ್ಟ್ ಮತ್ತು ಮಕ್ಕಳ ಜೊತೆ ಮರದ ಸುತ್ತ ನಿಂತ ಚಿತ್ರ 1848ರಲ್ಲಿ ಲಂಡನ್ನಿನ ಒಂದು ಸಚಿತ್ರ ವಾರಪತ್ರಿಕೆಯಲ್ಲಿ ಬಂದ ಮೇಲೆ ಅದು ಮನೆಮನೆಯ ಮಾತಾಯಿತು. ನಮ್ಮ ನಾಡಿಗಾದರೋ ಜರ್ಮನರು ಅದಕ್ಕೂ ಮೊದಲೇ ಬಂದಿದ್ದರು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಇಳಿದದ್ದು 1834ರಲ್ಲಿ.

ಆದರೆ ಫರ್ ಮರ ಇಲ್ಲಿ ಎಲ್ಲಿದೆ? ಬೆಂಗಳೂರಿನ ಮನೆಗಳು ಈ ತೊಡಕನ್ನು ಸರ್ವೆ ಮರದ ಕೊಂಬೆಯಿಂದ ಬಿಡಿಸಿಕೊಂಡವು. ಮದುವೆ ಚಪ್ಪರಕ್ಕೆ, ಮನೆ ಕಟ್ಟುವವರ ಸಾರುವೆಗೆ ಕಂಬವಾಗುವ ಅದೇ ಸರ್ವೆ. ಅದರ ಸೂಜಿಯಂಥ ಎಲೆಗೊಂಚಲು ದೂರದಿಂದ ನೋಡಿದರೆ ಫರ್ ಎಂದು ನಂಬಿಸಬಲ್ಲದು. ಕಾಫಿ ಸೀಮೆಯ ನಂಟಿದ್ದವರು ಸಿಲ್ವರ್ ಓಕ್ ಕೊಂಬೆ ತರಿಸುತ್ತಿದ್ದರು. ಎಣ್ಣೆ ಡಬ್ಬದಲ್ಲಿ ಇಟ್ಟಿಗೆ ಚೂರು, ಮರಳು ತುಂಬಿ ಕೊಂಬೆ ನೆಟ್ಟು, ಡಬ್ಬಕ್ಕೆ ಬಣ್ಣದ ಕಾಗದ ಸುತ್ತಿದರೆ ಮರ ಸಿದ್ಧ. ತಮಾಷೆಯೆಂದರೆ ಸರ್ವೆಯೂ ಸಿಲ್ವರ್ ಓಕೂ ಆಸ್ಟ್ರೇಲಿಯದ ನಂಟಿನ ಮರಗಳು. ಇನ್ನು ಲಾಲ್‌ಬಾಗಿನಲ್ಲಿ ಗೋಪುರದಂತೆ ನೆಟ್ಟಗೆ ನಿಂತ, ಬೆಂಗಳೂರಿನವರು ಬೆರಳು ಮಾಡಿ ‘ಕ್ರಿಸ್‌ಮಸ್ ಮರ’ ಎನ್ನುವ ಅರಕೇರಿಯಾ ಇದೆಯಲ್ಲ, ಅದರ ಹುಟ್ಟೂರು ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪ. ಜರ್ಮನಿಯ ಹಬ್ಬಕ್ಕೆ ದಕ್ಷಿಣ ಗೋಳದ ಮರ, ನಿಲ್ಲುವುದು ಬೆಂಗಳೂರಿನ ಎಣ್ಣೆ ಡಬ್ಬದಲ್ಲಿ.

ಆ ಮರದ ಮೇಲೆ ಹತ್ತಿಯನ್ನು ಹಿಂಜಿ ಹರಡಿ ‘ಹಿಮ’ ಎನ್ನುವುದೊಂದು ಬಾಕಿ. ಇದೊಂದನ್ನು ಮಾತ್ರ ನಾನು ಒಪ್ಪಲಾರೆ. ಬೆತ್ಲೆಹೇಮಿನ ಕತೆಯಲ್ಲಿ ಹಿಮದ ಸುದ್ದಿಯಿಲ್ಲ. ಬೆಂಗಳೂರಿನ ಡಿಸೆಂಬರಿನಲ್ಲಿ ಇರುವುದು ಇಬ್ಬನಿ, ಮಂಜು. ಅದೇ ಹತ್ತಿಯಲ್ಲಿ ನಮ್ಮ ಅಜ್ಜಿ ಕೆಳಗೆ ಕೂತು ಗೆಜ್ಜೆವಸ್ತ್ರ ಮಾಡುತ್ತಿದ್ದರು, ಮೇಲೆ ಅದು ಯುರೋಪಿನ ಚಳಿಗಾಲವಾಗುತ್ತಿತ್ತು. ಆದರೆ ಮಕ್ಕಳಿಗೆ ಅದೇ ಎಲ್ಲಕ್ಕಿಂತ ಇಷ್ಟ, ಆದ್ದರಿಂದ ನನ್ನ ತಕರಾರನ್ನು ಇಲ್ಲಿಗೆ ನಿಲ್ಲಿಸುತ್ತೇನೆ.

ದೀಪದ ಕತೆ ಚಿಕ್ಕದು. ಮರಕ್ಕೆ ಮೊದಲು ಮೇಣದ ಬತ್ತಿ ಹಚ್ಚುತ್ತಿದ್ದರು, ಪಕ್ಕದಲ್ಲೇ ನೀರಿನ ಬಕೆಟ್ಟು ಇಟ್ಟುಕೊಂಡು. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್‌ರ ಜೊತೆಗಾರ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಮರಕ್ಕೆ 80 ವಿದ್ಯುತ್ ಬುರುಡೆಗಳನ್ನು ಕಟ್ಟಿಸಿದ. ಬೆಂಗಳೂರಿನ ಬೀದಿಗೆ ಶಿವನಸಮುದ್ರದ ವಿದ್ಯುತ್ ಬಂದದ್ದು 1905ರ ಆಗಸ್ಟ್ 5ರಂದು. ಮುಂದೆ ನಮಗೆಲ್ಲ ಪರಿಚಿತವಾದ ‘ಸೀರಿಯಲ್ ಸೆಟ್’ ಬಂತು. ಒಂದು ಬಲ್ಬು ಕೆಟ್ಟರೆ ಸಾಲೆಲ್ಲ ಆರಿ, ಮನೆಯ ಗಂಡಸರೆಲ್ಲ ಟೆಸ್ಟರ್ ಹಿಡಿದು ಕೂರುವಂತೆ ಮಾಡಿದ ಆ ಸಾಧನಕ್ಕೆ ಮತಭೇದವಿರಲಿಲ್ಲ. ಗಣೇಶ, ರಾಜ್ಯೋತ್ಸವ, ದೀಪಾವಳಿ, ಕ್ರಿಸ್‌ಮಸ್, ಎಲ್ಲಕ್ಕೂ ಅದೇ ಸೆಟ್. ಕಿಟಕಿಯ ನಕ್ಷತ್ರವೂ ಜರ್ಮನಿಯದೇ ನಂಟು. ಸ್ಯಾಕ್ಸನಿ ಸೀಮೆಯ ಮೊರಾವಿಯನ್ ಪಂಥದವರ ಶಾಲೆಗಳಲ್ಲಿ 19ನೇ ಶತಮಾನದಲ್ಲಿ ಹುಡುಗರು ರೇಖಾಗಣಿತ ಕಲಿಯುತ್ತ ಕಾಗದದಲ್ಲಿ ಹಲವು ಮೊನೆಗಳ ನಕ್ಷತ್ರ ಕಟ್ಟುತ್ತಿದ್ದರು. ನಮ್ಮಲ್ಲಿ ಅದನ್ನು ಕಟ್ಟಿದ್ದು ಬಿದಿರಿನ ದಬ್ಬೆ, ಗಾಳಿಪಟದ ಕಾಗದ, ಮೈದಾ ಅಂಟಿನಿಂದ, ಮೊನೆ ಐದೇ. ಗಾಳಿಪಟ ಮಾಡಬಲ್ಲ ಹುಡುಗ ನಕ್ಷತ್ರವನ್ನೂ ಮಾಡಬಲ್ಲ. ಮೇಲಿನ ಮನೆಗೆ ಆ ವರ್ಷ ದಬ್ಬೆ ಸೀಳಿಕೊಟ್ಟವರು ನಮ್ಮ ಚಿಕ್ಕಪ್ಪ.

ಇಷ್ಟು ಕೇಳಿದ ಮೇಲೆ, ಇದೆಲ್ಲ ಹೊರಗಿನಿಂದ ಬಂದ ಸಾಮಾನು ಎಂದು ನಿಮಗೆ ಅನ್ನಿಸಬಹುದು. ಹಾಗಾದರೆ ಮೆಟ್ಟಿಲಿಳಿದು ನಮ್ಮ ಮನೆಯ ನಡುಮನೆಗೂ ಬನ್ನಿ. ಮೈಸೂರು ಅರಮನೆಯ ಗೊಂಬೆ ತೊಟ್ಟಿಯಲ್ಲಿ ನಾಡಿನ ಗೊಂಬೆಗಳ ಜೊತೆ ಯುರೋಪಿನ ಗೊಂಬೆಗಳೂ ಇರುವುದನ್ನು ಪ್ರವಾಸ ಹೋದವರು ನೋಡಿದ್ದೀರಿ. ನಮ್ಮ ಮನೆಯ ಮೂರನೆಯ ಸಾಲಿನಲ್ಲಿ, ಕೆಂಪು ಕೋಟಿನ ಬ್ಯಾಂಡ್‌ಸೆಟ್ಟಿನವರ ಪಕ್ಕ, ಗೌನು ತೊಟ್ಟ ಪಿಂಗಾಣಿಯ ದೊರೆಸಾನಿಯೊಬ್ಬಳು ಇದ್ದಳು. ಅವಳನ್ನು ಬೇರೆಯವಳೆಂದು ಯಾರೂ ಎಣಿಸಲಿಲ್ಲ, ಅವಳಿಗೂ ಆರತಿಯಾಗುತ್ತಿತ್ತು. ಗೋಡೆಯ ಮೇಲೆ ರವಿವರ್ಮನ ಲಕ್ಷ್ಮಿ. ಆ ಲಕ್ಷ್ಮಿ ಮನೆಮನೆ ಸೇರಿದ್ದು 1894ರಲ್ಲಿ ಮುಂಬಯಿಯಲ್ಲಿ ಜರ್ಮನ್ ಯಂತ್ರ, ಜರ್ಮನ್ ಕುಶಲಿಗರೊಂದಿಗೆ ಶುರುವಾದ ಅಚ್ಚುಕೂಟದಿಂದ. ಮುಂದೆ ಅದನ್ನು ಕೊಂಡು ನಡೆಸಿದವರೂ ಫ್ರಿಟ್ಸ್ ಶ್ಲೈಷರ್ ಎಂಬ ಜರ್ಮನ್ನರೇ. ಪೂಜೆಗೆ ಹೂವು ಕೊಟ್ಟ ಈ ಊರನ್ನು ತೋಟದ ಊರಾಗಿಸಿದವರಲ್ಲಿ ಒಬ್ಬರಾದ, 1908ರಲ್ಲಿ ಲಾಲ್‌ಬಾಗಿಗೆ ಬಂದ ಕ್ರುಂಬಿಗಲ್ ಹುಟ್ಟಿದ್ದು ಡ್ರೆಸ್‌ಡೆನ್ ಬಳಿ, ಅಂದರೆ ಆ ಕಾಗದದ ನಕ್ಷತ್ರಗಳ ಸ್ಯಾಕ್ಸನಿಯಲ್ಲೇ. ಕನ್ನಡ ಭಾಷೆಯೂ ಈ ಲೆಕ್ಕವನ್ನು ಮುಚ್ಚಿಟ್ಟಿಲ್ಲ. ಕಡಲಾಚೆಯಿಂದ ಬಂದದ್ದಕ್ಕೆ ‘ಸೀಮೆ’ ಎಂಬ ಗುರುತು ಹಾಕಿ ಒಳಗೆ ಬಿಟ್ಟುಕೊಂಡಿತು: ಸೀಮೆಸುಣ್ಣ, ಸೀಮೆಎಣ್ಣೆ, ಸೀಮೆಬದನೆ. ಆಮೇಲೆ ಗುರುತನ್ನೇ ಮರೆತು ಸೀಮೆಬದನೆಯ ಪಲ್ಯ ಮಾಡಿತು. ದಸರೆಯ ಹಲಗೆಗೆ ಆಧಾರವಾಗಿದ್ದುದೂ ಸೀಮೆಎಣ್ಣೆ ಡಬ್ಬವೇ ಅಲ್ಲವೇ?

ಹೀಗೆ ಮೇಲಿನ ಮನೆಯಲ್ಲಿ ದೂರದೇಶದ ಹಬ್ಬಕ್ಕೆ ನಮ್ಮ ರಾಗಿ, ಕೆಳಗಿನ ಮನೆಯಲ್ಲಿ ನಮ್ಮ ಹಬ್ಬಕ್ಕೆ ದೂರದೇಶದ ಗೊಂಬೆ. ರೂಪ ಎಲ್ಲಿಂದಲೋ ಬರಬಹುದು. ಅದು ಮನೆಯದಾಗುವುದು ಕೈಗೆ ಸಿಕ್ಕ ಸಾಮಾನಿನಿಂದ, ಮಾಡುವ ಕೈಯಿಂದ ಎಂದು ನನ್ನ ತಿಳಿವಳಿಕೆ.

ಈಗ ಆ ಕೈಕೆಲಸ ಕಡಿಮೆಯಾಗಿದೆ. ಮಡಿಸಿ ಪೆಟ್ಟಿಗೆಯಲ್ಲಿಡುವ ಪ್ಲಾಸ್ಟಿಕ್ ಮರ, ಅಚ್ಚಿನಲ್ಲಿ ಎರಕ ಹೊಯ್ದ ಗೋದಲಿ, ಎಲ್‌ಇಡಿ ನಕ್ಷತ್ರ ಎಲ್ಲ ಅಂಗಡಿಯಲ್ಲೇ ಸಿಗುತ್ತವೆ. ಬೈಯುವುದಕ್ಕೆ ನನಗೆ ಬಾಯಿಲ್ಲ, ಏಕೆಂದರೆ ದಸರೆಗೂ ಜೋಡಿಸಿ ಬಿಚ್ಚುವ ಕಬ್ಬಿಣದ ಮೆಟ್ಟಿಲು ಬಂದಿದೆ, ನಮ್ಮ ಮನೆಯಲ್ಲೂ ಇದೆ. ಇಬ್ಬರಿಗೂ ಅನುಕೂಲವೇ ಆಯಿತು. ಹೋದದ್ದು ಒಂದೇ, ಹಲಗೆ ಕೇಳಲು ಮೆಟ್ಟಿಲಿಳಿದು ಬರುವ ಕಾರಣ. ತ್ಯಾಗರಾಜನಗರದ ಎಷ್ಟೋ ಹಳೆಯ ಮನೆಗಳು ಕೆಡವಿ ಅಪಾರ್ಟ್‌ಮೆಂಟ್ ಎದ್ದಿವೆ. ಒಂದೇ ಮಹಡಿಯಲ್ಲಿ ಎದುರುಬದುರು ಬಾಗಿಲು. ಒಂದರ ಒಳಗೆ ಅಕ್ಟೋಬರಿನಲ್ಲಿ ಒಂಬತ್ತು ಮೆಟ್ಟಿಲು, ಇನ್ನೊಂದರ ಒಳಗೆ ಡಿಸೆಂಬರಿನಲ್ಲಿ ಗೋದಲಿ. ಎರಡರಲ್ಲೂ ಕನ್ನಡಿಯ ಕೊಳ ಇದೆಯೆಂಬುದು ಎಷ್ಟು ಮಕ್ಕಳಿಗೆ ಗೊತ್ತಿದೆಯೋ! ಓದುಗರೇ, ನಿಮ್ಮ ಮನೆಯ ಅಟ್ಟದಲ್ಲಿ ಹಲಗೆಗಳು ಇನ್ನೂ ಇದ್ದರೆ ಒಮ್ಮೆ ಕೆಳಗಿಳಿಸಿ ನೋಡಿ.

ನಮ್ಮ ಹಲಗೆಗಳು ಜನವರಿ 6ರ ಮರುದಿನ, ಮೂರು ಜ್ಞಾನಿಗಳ ಹಬ್ಬ ಕಳೆದ ಮೇಲೆ, ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು ವಾಪಸ್ಸು ಬಂದವು. ಅವುಗಳ ಮೇಲೆ ಒಂದು ತಟ್ಟೆ, ತಟ್ಟೆಯಲ್ಲಿ ಗುಲಾಬಿ ಹೂವಿನ ಅಚ್ಚಿನಲ್ಲಿ ಕರಿದ ಕುಸ್ವಾರು ತಿಂಡಿ. “ಮೊಟ್ಟೆ ಹಾಕಿಲ್ಲ ಅಜ್ಜಿ, ನಿಮಗೇ ಅಂತ ಬೇರೆ ಬಾಣಲೆಯಲ್ಲಿ ಮಾಡಿದೆ” ಎಂದರು ಆಕೆ. ಮೇಲೆ ಕುರುಬರು, ಕುರಿಗಳು, ಎತ್ತು, ಕತ್ತೆ ಎಲ್ಲ ಹಳೆಯ ಸೀರೆ ಚೂರು, ಪತ್ರಿಕೆಯ ಹಾಳೆಗಳಲ್ಲಿ ಸುತ್ತಿಸಿಕೊಂಡು ಟ್ರಂಕು ಸೇರಿದ್ದವು, ನಮ್ಮ ರಾಮ ಲಕ್ಷ್ಮಣರಂತೆಯೇ. ಉಳಿದದ್ದು ರಾಗಿ ಪೈರು. ಅದು ಅಷ್ಟು ಹೊತ್ತಿಗೆ ಬುಡದಲ್ಲಿ ಹಳದಿ ತಿರುಗಿತ್ತು. ಅಜ್ಜಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, “ಹಾಲಿನವನ ಹಸು ಬಂದಿದೆ ನೋಡು” ಎಂದರು. ಗೇಟಿನ ಹೊರಗೆ ನಿಂತಿದ್ದ ಹಸು ಅದನ್ನು ಮಣ್ಣು ಸಮೇತ ಎರಡೇ ಬಾಯಿಗೆ ಮುಗಿಸಿತು.